ಮನ್ರೋ ಪಾತ್ರಕ್ಕೆ ಸ್ಕಾಟ್ಸ್ ಮಾತು: ಬಳ್ಳಾರಿ ಕಡೆಯವರು ಕಲಿಯುವ ಬಗೆ

ನಮ್ಮ ಕಡೆ ಐತಿಹಾಸಿಕ ರೂಪಕ ಅಂದರೆ ಒಬ್ಬ ಬಿಳಿ ದೊರೆ ಬಂದೇ ಬರುತ್ತಾನೆ. ಕೆಂಪು ಕೋಟು ಹಾಕಿಕೊಂಡು, ಕೈಯಲ್ಲಿ ಕೋಲು ತಿರುಗಿಸುತ್ತಾ, ‘ಟುಮ್ ಕಂಡಾಯ ಕೊಡ್ಟೀರೋ ಇಲ್ಲೋ’ ಅಂತ ಅಬ್ಬರಿಸುತ್ತಾನೆ. ಬಳ್ಳಾರಿ, ಕೊಪ್ಪಳ, ಹಂಪಿ ಸೀಮೆಗೆ ಬಂದು ಹೆಸರು ಉಳಿಸಿದ ದೊರೆಗಳು ಹಾಗೆ ಮಾತಾಡಿರಲಿಕ್ಕಿಲ್ಲ. ಅವರಲ್ಲಿ ಮೂವರು ಇಂಗ್ಲೆಂಡಿನವರೇ ಅಲ್ಲ. ಥಾಮಸ್ ಮನ್ರೋ, ಕಾಲಿನ್ ಮೆಕೆಂಜಿ, ಜಾನ್ ಮಾಲ್ಕಮ್ ಮೂವರೂ ಸ್ಕಾಟ್ಲೆಂಡಿನವರು.

ನಾನು ಬಳ್ಳಾರಿಯಲ್ಲಿ ಹೈಸ್ಕೂಲು ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುವವಳು. ಸಂಜೆ ಹೊತ್ತು ಒಂದು ನಾಟಕ ತಂಡದವರ ಮಾತು ತಿದ್ದುತ್ತೇನೆ. ಸ್ಕಾಟ್ಸ್ ಕಲಿಸಲು ಕೂತಾಗೆಲ್ಲ ಹುಡುಗರಿಗೆ ಮೊದಲು ಹೇಳುವುದು ಇದನ್ನೇ: ಲಂಡನ್ ಇಂಗ್ಲಿಷಿಗಿಂತ ಸ್ಕಾಟ್ಸ್, ಅಂದರೆ ಸ್ಕಾಟ್ಲೆಂಡಿನ ತಗ್ಗುನಾಡಿನವರ ಮಾತು, ನಮ್ಮ ಬಾಯಿಗೆ ಹತ್ತಿರ. ಶಾಲೆಯಲ್ಲಿ ‘ಹಳ್ಳಿ ಇಂಗ್ಲಿಷ್’ ಅಂತ ಬೈಸಿಕೊಂಡ ಎಷ್ಟೋ ಉಚ್ಚಾರಗಳು ಮನ್ರೋ ಬಾಯಲ್ಲಿ ಸರಿಯಾಗಿ ಕೂರುತ್ತವೆ. ಹಾಗಾಗಿ ಹೆದರಬೇಕಾಗಿಲ್ಲ. ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಅಂತ ಗೊತ್ತಿದ್ದರೆ ಅರ್ಧ ಕೆಲಸ ಆದಂತೆ.

ಮೊದಲು ಊರು, ವರ್ಷ, ಎದುರಿಗಿರುವವರು

ಬಾಯಿ ತೆರೆಯುವ ಮುಂಚೆ ಪಾತ್ರ ಯಾವ ಊರಿನದು ಅಂತ ನೋಡಿಕೊಳ್ಳಿ. ‘ಸ್ಕಾಟಿಷ್’ ಅಂತ ಒಂದೇ ಮಾತಿಲ್ಲ. ಬೀದರ್ ಕನ್ನಡ, ಮಂಗಳೂರು ಕನ್ನಡ ಎರಡೂ ಕನ್ನಡವೇ, ಆದರೆ ಒಂದರ ಬದಲು ಇನ್ನೊಂದು ಆಡಿದರೆ ಯಾರೂ ಒಪ್ಪುವುದಿಲ್ಲ, ಅಲ್ವಾ?

ಮನ್ರೋ 1761ರಲ್ಲಿ ಗ್ಲಾಸ್ಗೊದಲ್ಲಿ ಹುಟ್ಟಿದವನು, ವ್ಯಾಪಾರಿಯ ಮಗ. 1780ರಲ್ಲಿ ಮದ್ರಾಸಿಗೆ ಬಂದ. 1800ರಲ್ಲಿ ನಿಜಾಮ ಬಿಟ್ಟುಕೊಟ್ಟ ಜಿಲ್ಲೆಗಳಿಗೆಲ್ಲ ಮುಖ್ಯ ಕಲೆಕ್ಟರ್ ಆಗಿ 1807ರವರೆಗೆ ಇದ್ದ. ಆಗ ಬಳ್ಳಾರಿಯೂ ಅವನ ಕೈಯಲ್ಲಿತ್ತು. ಅವನದು ತಗ್ಗುನಾಡಿನ ಸ್ಕಾಟ್ಸ್, ಅದರಲ್ಲೂ ಪಶ್ಚಿಮದ ಬಗೆ.

ಮಾಲ್ಕಮ್ 1769ರಲ್ಲಿ ಲ್ಯಾಂಗಮ್ ಹತ್ತಿರ, ಇಂಗ್ಲೆಂಡಿನ ಗಡಿಗೆ ಅಂಟಿದ ಸೀಮೆಯಲ್ಲಿ ಹುಟ್ಟಿದವನು. ಟಿಪ್ಪುವಿನ ಕೈಯಲ್ಲಿದ್ದ ಕೊಪ್ಪಳ ಕೋಟೆಗೆ 1790ರಲ್ಲಿ ಕಂಪನಿ ಮತ್ತು ನಿಜಾಮನ ಸೈನ್ಯ ಮುತ್ತಿಗೆ ಹಾಕಿದಾಗ ಈ ಹುಡುಗ ಅಲ್ಲಿದ್ದ. ಆ ಗಡಿನಾಡಿನ ಮಾತಿಗೆ ‘ಯೌ ಅನ್ ಮೈ’ ಮಾತು ಅಂತಲೇ ಅಡ್ಡಹೆಸರು. ‘ನೀನು ಮತ್ತು ನಾನು’ ಅನ್ನುವುದನ್ನು ಅಲ್ಲಿನವರು ಹಾಗೆ ಹೇಳುತ್ತಾರೆ. ಕೊಪ್ಪಳದ ತಂಡದವರು ಮಾಲ್ಕಮ್ ಪಾತ್ರ ಮಾಡುವುದಾದರೆ ಈ ಎರಡು ಸ್ವರ ಕಲಿತರೂ ಸಾಕು, ಮನ್ರೋಗಿಂತ ಬೇರೆ ಊರಿನವನು ಅಂತ ಕಿವಿಗೆ ಗೊತ್ತಾಗುತ್ತದೆ. ಜಾಸ್ತಿ ಬೇಕೆನಿಸಿದರೆ ಜೇಮ್ಸ್ ಮರ್ರೆ 1873ರಲ್ಲಿ ಆ ದಕ್ಷಿಣ ಸೀಮೆಯ ಮಾತಿನ ಬಗ್ಗೆ ಬರೆದ ಪುಸ್ತಕ ಇದೆ. ಅವರೂ ಅದೇ ಗಡಿನಾಡಿನವರು.

ಮೆಕೆಂಜಿ ಕಥೆಯೇ ಬೇರೆ. ಹಂಪಿಯನ್ನು 1799ರಲ್ಲಿ ಅಳೆದು ನಕ್ಷೆ ಮಾಡಿದವನು ಅವನು. ಹುಟ್ಟಿದ್ದು ಲೂಯಿಸ್ ದ್ವೀಪದ ಸ್ಟಾರ್ನೊವೇಯಲ್ಲಿ. ಅದು ಗೇಲಿಕ್ ಸೀಮೆ. ಗೇಲಿಕ್‌ಗೂ ಸ್ಕಾಟ್ಸ್‌ಗೂ ಇರುವ ದೂರ ಕನ್ನಡಕ್ಕೂ ಮರಾಠಿಗೂ ಇರುವಷ್ಟು. ಗೇಲಿಕ್ ಸೀಮೆಯವರು ಇಂಗ್ಲಿಷನ್ನು ಶಾಲೆಯಲ್ಲಿ, ಪುಸ್ತಕದಿಂದ ಕಲಿತರು. ಆದ್ದರಿಂದ ಮೆಕೆಂಜಿ ಬಾಯಲ್ಲಿ ಮನ್ರೋನ ‘ಡಿನ್ನ’ (ಮಾಡಬೇಡ), ‘ಕ್ಯಾನ’ (ಆಗಲ್ಲ) ಹಾಕಬೇಡಿ. ನಿಧಾನವಾದ, ಬಿಡಿಬಿಡಿಯಾದ ಪುಸ್ತಕದ ಇಂಗ್ಲಿಷ್ ಕೊಡಿ. ಜೊತೆಗಿದ್ದ ಸಹಾಯಕ ಕಾವಲಿ ವೆಂಕಟ ಬೊರಯ್ಯನ ಹತ್ತಿರ ಅವನು ಮಾತಾಡುವ ದೃಶ್ಯ ಇದ್ದರೆ, ಇಬ್ಬರಿಗೂ ಕಲಿತ ಭಾಷೆಯೇ ಅಂತ ಪ್ರೇಕ್ಷಕರಿಗೆ ಕಾಣಬೇಕು. ನನಗೆ ಅದು ತುಂಬಾ ಇಷ್ಟದ ದೃಶ್ಯ.

ಇನ್ನು ಎದುರಿಗೆ ಯಾರಿದ್ದಾರೆ ಅನ್ನುವುದು. ಇದನ್ನು ಬಹಳ ತಂಡಗಳು ಮರೆಯುತ್ತವೆ. ಮನ್ರೋ ಹುಟ್ಟಿದ ಕಾಲದಲ್ಲಿ ಓದಿದ ಸ್ಕಾಟರು ತಮ್ಮ ಮಾತು ಬಿಟ್ಟು ಲಂಡನ್ ಮಾತು ಕಲಿಯಲು ಒದ್ದಾಡುತ್ತಿದ್ದರು. ದಾರ್ಶನಿಕ ಡೇವಿಡ್ ಹ್ಯೂಮ್ 1752ರಲ್ಲಿ, ಬಳಸಬಾರದ ಸ್ಕಾಟ್ಸ್ ನುಡಿಗಳ ಪಟ್ಟಿಯನ್ನೇ ಅಚ್ಚು ಹಾಕಿಸಿದ. ಮನ್ರೋ ಹುಟ್ಟಿದ 1761ರಲ್ಲೇ ಐರ್ಲೆಂಡಿನ ನಟ ಥಾಮಸ್ ಶೆರಿಡನ್ ಎಡಿನ್‌ಬರಾಕ್ಕೆ ಹೋಗಿ ಇಂಗ್ಲಿಷ್ ಉಚ್ಚಾರದ ಮೇಲೆ ಉಪನ್ಯಾಸ ಕೊಟ್ಟ. ಊರಿನ ದೊಡ್ಡವರು ಕೂತು ಕೇಳಿದರು. ಇದನ್ನು ಓದಿದಾಗ ನನಗೆ ನಮ್ಮ ಮಕ್ಕಳೇ ನೆನಪಾಗುತ್ತಾರೆ. ಬೆಂಗಳೂರಿಗೆ ಹೋಗಿ ‘ಹೌದ್ರಿ’ ಬಿಡುವ ನಮ್ಮ ಹುಡುಗರ ಸಂಕಟ ಮನ್ರೋಗೂ ಇದ್ದಿರಬೇಕು.

ಹಾಗಾಗಿ ನಾನು ಮನ್ರೋ ಮಾತನ್ನು ಮೂರು ಬಗೆಯಲ್ಲಿ ಬರೆಸುತ್ತೇನೆ. ಮದ್ರಾಸಿನ ಸರ್ಕಾರದ ಮುಂದೆ ಶುದ್ಧ ಇಂಗ್ಲಿಷ್ ಪದಗಳು, ಉಚ್ಚಾರ ಮಾತ್ರ ಸ್ಕಾಟ್. ಡೇರೆಯೊಳಗೆ ತನ್ನ ನಾಡಿನ ಇನ್ನೊಬ್ಬ ಅಧಿಕಾರಿ ಜೊತೆ ಗಟ್ಟಿ ಸ್ಕಾಟ್ಸ್. ರೈತರ ಮುಂದೆ ಹಿಂದೂಸ್ತಾನಿ ಅಥವಾ ಕನ್ನಡ, ಆದರೆ ಸ್ಕಾಟ್ ನಾಲಿಗೆಯಲ್ಲಿ. ಒಬ್ಬನೇ ಮನುಷ್ಯ ಮೂರು ಕಡೆ ಮೂರು ರೀತಿ ಮಾತಾಡಿದಾಗ ಪಾತ್ರಕ್ಕೆ ಜೀವ ಬರುತ್ತದೆ.

ನಮ್ಮಲ್ಲಿ ಈಗಾಗಲೇ ಇರುವುದು

ರಕಾರ ಮೊದಲು. ಲಂಡನ್ನಿನವರು ‘ಫಾರ್ಮ್’ ಅನ್ನುವಾಗ ರಕಾರ ನುಂಗುತ್ತಾರೆ. ಸ್ಕಾಟರು ನುಂಗುವುದಿಲ್ಲ. ನಾಲಿಗೆ ತುದಿ ತಾಗಿಸಿ, ನಡುಗಿಸಿ, ಸ್ಪಷ್ಟವಾಗಿ ಹೇಳುತ್ತಾರೆ. ನಾವೂ ಹಾಗೇ ಅಲ್ವಾ? ನಮ್ಮವರು ‘ವರ್ಡ್’, ‘ಬಿರ್ಡ್’, ‘ಹೆರ್ಡ್’ ಅಂತ ಬರೆದ ಹಾಗೆ ಓದಿದರೆ ಮೇಷ್ಟ್ರು ತಿದ್ದುತ್ತಾರೆ. ಲಂಡನ್ ಕಡೆ ಈ ಮೂರರ ಸ್ವರ ಒಂದೇ ಆಗಿಹೋಗಿದೆ. ಸ್ಕಾಟರಲ್ಲಿ ಮೂರೂ ಬೇರೆಬೇರೆ ಉಳಿದಿವೆ. ಆದ್ದರಿಂದ ರಕಾರವನ್ನು ಧೈರ್ಯವಾಗಿ ಆಡಿ.

ಎರಡನೆಯದು ಏಕಾರ, ಓಕಾರ. ‘ಗೇಟ್’, ‘ಕೋಟ್’ ಅಂತ ನಾವು ನೇರ ಸ್ವರದಲ್ಲಿ ಹೇಳುತ್ತೇವೆ. ಲಂಡನ್ನಿನವರು ‘ಗೆಯ್ಟ್’, ‘ಕೊವ್ಟ್’ ಅಂತ ಬಾಗಿಸುತ್ತಾರೆ. ಸ್ಕಾಟರು ಬಾಗಿಸುವುದಿಲ್ಲ. ಇಲ್ಲೂ ನೀವು ಏನೂ ಬದಲಿಸಬೇಕಾಗಿಲ್ಲ.

ಪ, ತ, ಕ ಹೇಳುವಾಗ ಇಂಗ್ಲೆಂಡಿನವರ ಬಾಯಿಂದ ಗಾಳಿ ಜಾಸ್ತಿ ಬರುತ್ತದೆ, ಹೆಚ್ಚುಕಮ್ಮಿ ಮಹಾಪ್ರಾಣದ ಹಾಗೆ. ಹಳೆಯ ಸ್ಕಾಟ್ಸ್‌ನಲ್ಲಿ ಆ ಗಾಳಿ ಕಡಿಮೆ. ನಮ್ಮ ಅಲ್ಪಪ್ರಾಣ ಚೆನ್ನಾಗಿಯೇ ಹೊಂದುತ್ತದೆ.

ಆಮೇಲೆ ಎಲ್ಲರೂ ಹೆದರುವ ಆ ಗಂಟಲಿನ ಸದ್ದು. ‘ಲಾಖ಼್’ ಅಂದರೆ ಕೆರೆ, ಸರೋವರ. ಕೊನೆಯ ಸದ್ದು ಕ ಅಲ್ಲ, ಖ ಅಲ್ಲ. ನಾಲಿಗೆಯ ಹಿಂಭಾಗ ಮೇಲೆತ್ತಿ, ಮುಚ್ಚದೆ, ಸಂದಿಯಲ್ಲಿ ಗಾಳಿ ಉಜ್ಜಿ ಬಿಡಬೇಕು. ಕನ್ನಡದಲ್ಲಿ ಇದಿಲ್ಲ. ಆದರೆ ಬಳ್ಳಾರಿ, ರಾಯಚೂರಿನಲ್ಲಿ ಇದನ್ನು ಕಲಿಯಲು ಪಕ್ಕದ ಮನೆಗೆ ಹೋದರೆ ಸಾಕು. ದಖನಿ ಉರ್ದು ಆಡುವವರ ಬಾಯಲ್ಲಿ ಈ ಸದ್ದು ದಿನವಿಡೀ ಇರುತ್ತದೆ. ಅವರು ಹೊತ್ತಿಗೆ ‘ವಖ಼್ತ್’ ಅನ್ನುತ್ತಾರೆ, ಹತ್ತಿರಕ್ಕೆ ‘ಖ಼ರೀಬ್’ ಅನ್ನುತ್ತಾರೆ. ಆ ‘ವಖ಼್ತ್’ನ ಬಾಲವನ್ನೇ ಹಿಡಿದುಕೊಳ್ಳಿ. ರಾತ್ರಿಗೆ ಸ್ಕಾಟ್ಸ್‌ನಲ್ಲಿ ‘ನಿಖ಼್ಟ್’, ಸರಿಗೆ ‘ರಿಖ಼್ಟ್’, ಮಗಳಿಗೆ ‘ಡೊಖ಼್ಟರ್’. ಇಕಾರದ ಮುಂದೆ ಬಂದಾಗ ಸದ್ದು ಸ್ವಲ್ಪ ಮುಂದಕ್ಕೆ, ಅಂಗುಳಿನ ನಡುವಿಗೆ ಸರಿಯುತ್ತದೆ. ನಮ್ಮ ತಂಡದಲ್ಲಿ ಕೌಲ್‌ಬಜಾರಿನ ಒಬ್ಬ ಮೆಕ್ಯಾನಿಕ್ ಹುಡುಗ ಇದ್ದಾನೆ. ಇಂಗ್ಲಿಷ್ ಅಷ್ಟಾಗಿ ಬಾರದು. ಈ ಸದ್ದು ಮಾತ್ರ ಅವನ ಬಾಯಲ್ಲಿ ಮೊದಲ ಸಂಜೆಯೇ ಬಂತು. ಉಳಿದವರಿಗೆಲ್ಲ ಅವನೇ ಗುರು. ‘ಅಣ್ಣಾ, ವಖ಼್ತ್ ಅನ್ರಿ, ಈಗ ವ ಬಿಟ್ಟು ನಿ ಹಾಕ್ರಿ’ ಅಂತ ಪಾಠ ಮಾಡುತ್ತಾನೆ. ಅದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ.

ಇಂಗ್ಲಿಷ್ ಬರಹದಲ್ಲಿ ಸದ್ದಿಲ್ಲದೆ ಕೂತಿರುವ ಜಿ-ಎಚ್ ಜೋಡಿ ಕಂಡ ಕಡೆ ಈ ಸದ್ದು ಇರಬಹುದು ಅಂತ ಅನುಮಾನ ಪಡಿ, ಆಮೇಲೆ ನಿಘಂಟು ನೋಡಿ. ಬಿಳಿ ಅನ್ನುವ ‘ವೈಟ್’ನಲ್ಲಿ ಆ ಜೋಡಿ ಇಲ್ಲ, ಅಲ್ಲಿ ಈ ಸದ್ದೂ ಇಲ್ಲ.

ಬಿಡಬೇಕಾದದ್ದು, ಹೊಸದಾಗಿ ಕಲಿಯಬೇಕಾದದ್ದು

ಟಕಾರ, ಡಕಾರ ನಮ್ಮನ್ನು ಹಿಡಿದುಕೊಡುತ್ತವೆ. ನಾವು ನಾಲಿಗೆ ಮಡಚಿ ಅಂಗುಳಿಗೆ ತಾಗಿಸುತ್ತೇವೆ. ಸ್ಕಾಟರ ನಾಲಿಗೆ ಮೇಲಿನ ಹಲ್ಲಿನ ಹಿಂದೆ, ಒಸಡಿಗೆ ತಾಗುತ್ತದೆ. ‘ತ’ ಅನ್ನಿ, ‘ಟ’ ಅನ್ನಿ, ಆಮೇಲೆ ಎರಡರ ನಡುವಿನ ಜಾಗ ಹುಡುಕಿ. ಸುಮ್ನೆ ಮಾತಿಲ್ಲದೆ ನಾಲಿಗೆಯನ್ನು ಅಲ್ಲಿ ಇಟ್ಟು ತೆಗೆದು ಮಾಡುತ್ತಾ ಇರಿ. ದಿನಕ್ಕೆ ಕಾಲು ಗಂಟೆ ಮಾಡಿದರೂ ನಡೆಯುತ್ತದೆ, ಬಿಟ್ಟುಬಿಟ್ಟು ಮಾಡಿದರೆ ಬರುವುದಿಲ್ಲ.

ನಮ್ಮ ಇನ್ನೊಂದು ಅಭ್ಯಾಸ ಪದದ ಕೊನೆಗೆ ಉಕಾರ ಸೇರಿಸುವುದು. ‘ರೋಡು’, ‘ಬಸ್ಸು’. ಮನೆಯಲ್ಲಿ ತೆಲುಗು ಆಡುವವರಲ್ಲಿ ಇದು ಇನ್ನೂ ಜಾಸ್ತಿ. ಪದ ವ್ಯಂಜನದಲ್ಲೇ ಕಡಿಯಬೇಕು. ಹಾಗೇ ಪದದ ಶುರುವಿನಲ್ಲಿ ಯಕಾರ, ವಕಾರ ನುಗ್ಗಬಾರದು. ಹಳೆಯದಕ್ಕೆ ‘ಆಲ್ಡ್’ ಅನ್ನುತ್ತಾರೆ, ‘ವಾಲ್ಡ್’ ಅಂದರೆ ಕೆಡುತ್ತದೆ.

ನಮಗೆ ವಕಾರ ಒಂದೇ. ಅವರಿಗೆ ಮೂರು. ಒಂದು ಕೆಳತುಟಿಗೆ ಹಲ್ಲು ತಾಗಿಸಿ ಆಡುವುದು. ಇನ್ನೊಂದು ತುಟಿ ದುಂಡಗೆ ಮಾಡಿ ಆಡುವುದು. ಮೂರನೆಯದು ತುಟಿ ದುಂಡಗೆ ಮಾಡಿ ಊದಿ ಆಡುವುದು. ‘ಏನು’ ಅನ್ನುವುದಕ್ಕೆ ‘ಹ್ವಿಟ್’, ‘ಎಲ್ಲಿ’ ಅನ್ನುವುದಕ್ಕೆ ‘ಹ್ವಾರ್’. ಹಾಳೆಯ ಸಣ್ಣ ಚೂರನ್ನು ತುಟಿಯ ಮುಂದೆ ಹಿಡಿದು ಹೇಳಿ. ಹಾಳೆ ಹಾರಬೇಕು. ದುಂಡನೆಯ ಬರೀ ವಕಾರಕ್ಕೆ ಹಾರಬಾರದು. ಉತ್ತರದ ಅಬರ್ಡೀನ್ ಕಡೆ ಇದೇ ಪದ ‘ಫ಼ಿಟ್’ ಆಗುತ್ತದೆ. ಮನ್ರೋಗೆ ಅದು ಬೇಡ.

ಇಂಗ್ಲಿಷಿನ ಟಿ-ಎಚ್ ಜೋಡಿಗೆ ನಾವು ತ, ದ ಹಾಕುವ ಕಡೆ ಅವರು ನಾಲಿಗೆ ತುದಿಯನ್ನು ಹಲ್ಲಿನ ನಡುವೆ ಇಟ್ಟು ಗಾಳಿ ಬಿಡುತ್ತಾರೆ. ಇದು ಲಂಡನ್ ಇಂಗ್ಲಿಷಿಗೂ ಬೇಕಾದದ್ದೇ, ಶಾಲೆಯಲ್ಲಿ ಕಲಿತಿರುತ್ತೀರಿ.

ಸ್ವರ ಬದಲಾಗುವ ಪದಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಿ. ‘ಹೌಸ್’ ಅನ್ನುವುದು ‘ಹೂಸ್’, ‘ಟೌನ್’ ಅನ್ನುವುದು ‘ಟೂನ್’, ‘ನೌ’ ಅನ್ನುವುದು ‘ನೂ’. ‘ಹೋಮ್’ ಅನ್ನುವುದು ‘ಹೇಮ್’, ‘ಸ್ಟೋನ್’ ಅನ್ನುವುದು ‘ಸ್ಟೇನ್’. ಆದರೆ ಕೋಟು ಕೋಟಾಗಿಯೇ ಇರುತ್ತದೆ, ‘ಕೇಟ್’ ಆಗುವುದಿಲ್ಲ. ಒಂದೇ ಸೂತ್ರ ಹಿಡಿದು ಎಲ್ಲವನ್ನೂ ತಿರುಗಿಸಲು ಹೋಗಬೇಡಿ. ತಲೆಗೆ ‘ಹೀಡ್’, ಎಲ್ಲ ಅನ್ನುವುದಕ್ಕೆ ಬರೀ ‘ಆ’, ಗೋಡೆಗೆ ‘ವಾ’. ಕೊನೆಯ ಲಕಾರ ಹಾರಿಹೋಗಿದೆ.

ಬೇಡ, ಇಲ್ಲ ಅನ್ನುವುದು ಕ್ರಿಯಾಪದದ ಬಾಲಕ್ಕೆ ಅಂಟುತ್ತದೆ. ‘ಡಿನ್ನ’ ಅಂದರೆ ಮಾಡಬೇಡ, ಮಾಡಲ್ಲ. ‘ಕ್ಯಾನ’ ಅಂದರೆ ಆಗಲ್ಲ. ‘ಡಿಡ್ನ’ ಅಂದರೆ ಮಾಡಲಿಲ್ಲ. ನಮ್ಮ ‘ಹೋಗಲ್ಲ’, ‘ಬರಲ್ಲ’ ಇದ್ದ ಹಾಗೇ ಇದೆ. ಹುಡುಗರಿಗೆ ಇದು ಬೇಗ ಹತ್ತುತ್ತದೆ. ‘ಕೆನ್’ ಅಂದರೆ ಗೊತ್ತು, ‘ಬೈಡ್’ ಅಂದರೆ ಇರು, ವಾಸ ಮಾಡು. ‘ವೀ’ ಅಂದರೆ ಸಣ್ಣದು, ‘ಮಕ್ಲ್’ ಅಂದರೆ ದೊಡ್ಡದು. ಮಗುವಿಗೆ ಗ್ಲಾಸ್ಗೊ ಕಡೆ ‘ವೇನ್’, ಪೂರ್ವದ ಕಡೆ ‘ಬೇರ್ನ್’. ‘ದ ಡೇ’ ಅಂದರೆ ಇವತ್ತು, ‘ದ ಮಾರ್ನ್’ ಅಂದರೆ ನಾಳೆ, ‘ದ ಯೀರ್’ ಅಂದರೆ ಈ ವರ್ಷ.

ಬಳ್ಳಾರಿ ಗುಡ್ಡವನ್ನು ಮೊದಲ ಸಲ ಕಂಡ ಇಬ್ಬರು ಅಧಿಕಾರಿಗಳಿಗೆ ನಾನು ಬರೆದುಕೊಟ್ಟ ಮಾತು ಇದು. ಒಬ್ಬ ಕೇಳುತ್ತಾನೆ: ‘ಹ್ವಿಟ್ಸ್ ಯಾನ್ ಹಿಲ್?’ ಅದೇನು ಗುಡ್ಡ? ಇನ್ನೊಬ್ಬ: ‘ಎ ಮಕ್ಲ್ ರಾಕ್, ಅನ್ ಎ ಫೋರ್ಟ್ ಆನ್ ದ ಹೀಡ್ ಓಟ್.’ ದೊಡ್ಡ ಬಂಡೆ, ಅದರ ತಲೆ ಮೇಲೆ ಕೋಟೆ. ಮಳೆ ಬಾರದ ವರ್ಷದ ದೃಶ್ಯಕ್ಕೆ ಇನ್ನೊಂದು: ‘ದೇರ್ಸ್ ನೇ ರೇನ್ ದ ಯೀರ್, ಅನ್ ದ ಫೋಕ್ ಕ್ಯಾನ ಪೇ.’ ಈ ವರ್ಷ ಮಳೆ ಇಲ್ಲ, ಜನ ಕಂದಾಯ ಕಟ್ಟಲಾರರು. ಮನ್ರೋ 1807ರಲ್ಲಿ ಇಲ್ಲಿಂದ ಹೊರಡುವ ಮುಂಚೆ ಕಂದಾಯವನ್ನು ಕಾಲು ಭಾಗ ಇಳಿಸಬೇಕು ಅಂತ ಮೇಲಿನವರಿಗೆ ಬರೆದ. ಆಗ ನಡೆಯಲಿಲ್ಲ. ಅವನೇ ಮದ್ರಾಸಿನ ಗವರ್ನರ್ ಆಗಿ ಬಂದ 1820ರಲ್ಲಿ ಜಾರಿಯಾಯಿತು. ಹಾಗಾಗಿ ಈ ಸಾಲನ್ನು ಅಬ್ಬರಿಸಿ ಹೇಳಬೇಡಿ. ಡೇರೆಯಲ್ಲಿ ಲೆಕ್ಕದ ಪುಸ್ತಕ ನೋಡುತ್ತಾ ಹೇಳುವ ಮಾತು ಅದು.

ಇಂದಿನ ಗ್ಲಾಸ್ಗೊ ಮಾತನ್ನು ಸಿನಿಮಾದಿಂದ ಕದಿಯಬೇಡಿ. ಈಗಿನವರು ‘ವಾಟರ್’ ಅನ್ನುವಾಗ ನಡುವಿನ ಟಕಾರ ನುಂಗಿ ಗಂಟಲು ಹಿಡಿಯುತ್ತಾರೆ. ಜನ ಅದನ್ನು ಗ್ಲಾಸ್ಗೊ ಗುರುತು ಅಂತ ಬರೆಯಲು ಶುರು ಮಾಡಿದ್ದು 19ನೇ ಶತಮಾನದ ಕೊನೆಗೆ. ಬಹುವಚನದ ‘ಯೂಸ್’ ಕೂಡ ಐರ್ಲೆಂಡಿನಿಂದ ಜನ ಗುಳೆ ಬಂದ ಮೇಲಿನದು. 1800ರ ಮನ್ರೋಗೆ ಎರಡೂ ಬೇಡ. ಚೌಕಳಿ ಲಂಗವೂ (ಕಿಲ್ಟ್) ಬೇಡ. ಅದು ಗುಡ್ಡನಾಡಿನವರ ಉಡುಪು. 1746ರ ಕಾಯ್ದೆ ಅದನ್ನು ಅಲ್ಲಿ ನಿಷೇಧಿಸಿತ್ತು, 1782ರಲ್ಲಿ ತೆಗೆದರು. ಸೈನಿಕರಿಗೆ ಮಾತ್ರ ವಿನಾಯಿತಿ ಇತ್ತು. ಗ್ಲಾಸ್ಗೊ ವ್ಯಾಪಾರಿಯ ಮಗ, ಮದ್ರಾಸ್ ಕಾಲಾಳು ಪಡೆಯವನು, ಅದನ್ನು ಉಟ್ಟು ಬಳ್ಳಾರಿ ಬಿಸಿಲಲ್ಲಿ ಓಡಾಡಿರಲಾರ. ಜೀನ್ಸ್ ಹೊಲಿಯುವ ನಮ್ಮ ಟೈಲರ್‌ಗಳಿಗೆ ಕೆಂಪು ಕೋಟಿನ ಚಿತ್ರ ತೋರಿಸಿ, ಚೆನ್ನಾಗಿ ಹೊಲಿದುಕೊಡುತ್ತಾರೆ.

ಸ್ಕಾಟ್ ನಾಲಿಗೆಯ ಕನ್ನಡ

ನಮ್ಮ ಪ್ರೇಕ್ಷಕರು ಜಾಸ್ತಿ ಕೇಳುವುದು ಇದನ್ನೇ. ಆದ್ದರಿಂದ ಜಾಸ್ತಿ ಶ್ರಮ ಇಲ್ಲಿ ಹಾಕಿ. ತಕಾರವನ್ನೆಲ್ಲ ಟಕಾರ ಮಾಡಿದರೆ ದೊರೆ ಕನ್ನಡ ಆಗುವುದಿಲ್ಲ. ತ, ಟ ಎರಡನ್ನೂ ಆ ಒಸಡಿನ ಜಾಗದಲ್ಲೇ ಆಡಿ. ಳಕಾರ ಲಕಾರವಾಗಲಿ, ಣಕಾರ ನಕಾರವಾಗಲಿ. ರಕಾರ ಮಾತ್ರ ನಮ್ಮವರಷ್ಟೇ ಗಟ್ಟಿಯಾಗಿರಲಿ.

ಸ್ವರದ ಉದ್ದದಲ್ಲಿ ಒಂದು ಸೊಗಸಾದ ಗುಟ್ಟಿದೆ. ಸ್ಕಾಟ್ಸ್‌ನಲ್ಲಿ ಈಕಾರ, ಊಕಾರ ಉದ್ದವಾಗುವುದು ಪದದ ಕೊನೆಯಲ್ಲಿ, ರಕಾರದ ಮುಂಚೆ, ಮತ್ತೆ ವಕಾರ, ಜ಼ಕಾರದಂತಹ ಉಜ್ಜುವ ಸದ್ದುಗಳ ಮುಂಚೆ. ಬೇರೆ ಕಡೆ ಗಿಡ್ಡ. ಭಾಷಾ ಪಂಡಿತರು ಇದನ್ನು ಏಟ್‌ಕನ್ ನಿಯಮ ಅನ್ನುತ್ತಾರೆ. ಕನ್ನಡಕ್ಕೆ ಹಾಕಿ ನೋಡಿ. ‘ನೀರು’ ಸರಿಯಾಗಿ ಬರುತ್ತದೆ, ‘ಹೂ’ ಸರಿಯಾಗಿ ಬರುತ್ತದೆ. ‘ಬೀದಿ’ ಮಾತ್ರ ‘ಬಿದಿ’ ಆಗುತ್ತದೆ, ‘ಊಟ’ ‘ಉಟ’ ಆಗುತ್ತದೆ, ‘ನೀಡು’ ‘ನಿಡು’ ಆಗುತ್ತದೆ. ಹೀಗೆ ಆಡಿದರೆ ಪರದೇಶಿ ಅಂತ ಗೊತ್ತಾಗುತ್ತದೆ, ಆದರೆ ಕೋಡಂಗಿ ಅನ್ನಿಸುವುದಿಲ್ಲ. ನಮ್ಮ ಭಾಷೆ ಕಲಿತ ಮನುಷ್ಯನನ್ನು ಗೌರವದಿಂದ ತೋರಿಸಿದ ಹಾಗಾಗುತ್ತದೆ.

ರಾಯಚೂರು ಕಡೆಯ ತಂಡಗಳು ಮಂತ್ರಾಲಯದ ದೃಶ್ಯ ಮಾಡುವಾಗ ಇದು ಇನ್ನೂ ಮುಖ್ಯ. ಮಂಚಾಲೆ ಗ್ರಾಮದ ವಿಚಾರಣೆಗೆ ಬಂದ ಮನ್ರೋಗೆ ರಾಘವೇಂದ್ರ ಸ್ವಾಮಿಗಳು ಬೃಂದಾವನದಿಂದ ಮಾತಾಡಿದರು, ಬೇರೆ ಯಾರಿಗೂ ಅದು ಕೇಳಿಸಲಿಲ್ಲ ಅಂತ ಭಕ್ತರು ಹೇಳುತ್ತಾರೆ. ಟೋಪಿ, ಬೂಟು ತೆಗೆದು ನಿಂತ ಮನ್ರೋಗೆ ಅಲ್ಲಿ ಸಣ್ಣ ಸಣ್ಣ ವಾಕ್ಯ ಕೊಡಿ. ತಗ್ಗಿದ ದನಿ ಇರಲಿ. ‘ರಾಯರು’ ಅನ್ನುವ ಪದದ ಎರಡು ರಕಾರ ಸ್ಕಾಟ್ ನಾಲಿಗೆಗೆ ಸಲೀಸು, ಅದನ್ನು ತುಂಬು ಬಾಯಿಂದ ಹೇಳಿಸಿ.

ಕೇಳಲು ಏನಿದೆ, ಮೈಕಿನ ಮುಂದೆ ಹೇಗೆ

1800ರ ದನಿ ಯಾರ ಹತ್ತಿರವೂ ಇಲ್ಲ, ದನಿ ಹಿಡಿಯುವ ಯಂತ್ರ ಬಂದದ್ದೇ 1877ರಲ್ಲಿ. ಹತ್ತಿರಕ್ಕೆ ಹೋಗಬೇಕೆಂದರೆ ಮೊದಲ ಮಹಾಯುದ್ಧದಲ್ಲಿ ಜರ್ಮನಿಯಲ್ಲಿ ಸೆರೆಯಾಗಿದ್ದ ಸ್ಕಾಟ್ ಸೈನಿಕರ ದನಿ ಇದೆ. ಅಲ್ಲಿನ ಪಂಡಿತರು ಅವರಿಂದ ಬೈಬಲ್ಲಿನ ದಾರಿತಪ್ಪಿದ ಮಗನ ಕಥೆ ಓದಿಸಿ ಹಿಡಿದಿಟ್ಟರು. ಎಡಿನ್‌ಬರಾ ವಿಶ್ವವಿದ್ಯಾಲಯದ ಸ್ಕೂಲ್ ಆಫ್ ಸ್ಕಾಟಿಷ್ ಸ್ಟಡೀಸ್ 1951ರಿಂದ ಹಳ್ಳಿಹಳ್ಳಿ ತಿರುಗಿ ಮುದುಕ ಮುದುಕಿಯರ ಮಾತು, ಹಾಡು ಕೂಡಿಸಿದೆ. ಬಹಳಷ್ಟು ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಕೇಳಬಹುದು. ಸ್ಕಾಟ್ಸ್ ನಿಘಂಟೂ ಹಾಗೇ ಪುಕ್ಕಟೆ ಸಿಗುತ್ತದೆ. ಪದ ಯಾವ ವರ್ಷದ ಬರಹದಲ್ಲಿ ಕಂಡಿತು ಅಂತಲೂ ಅದರಲ್ಲಿದೆ. ಮನ್ರೋಗಿಂತ ಎರಡೇ ವರ್ಷ ದೊಡ್ಡವನಾದ ಕವಿ ರಾಬರ್ಟ್ ಬರ್ನ್ಸ್‌ನ ಪ್ರಾಸಗಳನ್ನು ಗಟ್ಟಿಯಾಗಿ ಓದಿದರೆ ಆ ಕಾಲದ ಸ್ವರ ಕೈಗೆ ಸಿಗುತ್ತದೆ.

ಒಬ್ಬನೇ ಮುದುಕನ ಒಂದೇ ನಿಮಿಷದ ಮಾತು ಆರಿಸಿಕೊಳ್ಳಿ. ಅದನ್ನೇ ಮತ್ತೆ ಮತ್ತೆ ಕೇಳಿ, ಅವನ ಜೊತೆಗೇ ಹೇಳಿ, ಫೋನಿನಲ್ಲಿ ನಿಮ್ಮ ದನಿ ಹಿಡಿದು ಪಕ್ಕದಲ್ಲಿಟ್ಟು ಕೇಳಿ. ಹತ್ತು ಜನರ ಮಾತು ಚೂರುಚೂರು ಕೇಳಿದರೆ ಬಾಯಲ್ಲಿ ಹತ್ತು ಊರು ಕಲಸಿಹೋಗುತ್ತವೆ.

ರೂಪಕದಲ್ಲಿ ಗಟ್ಟಿ ಸ್ಕಾಟ್ಸ್ ಒಂದು ದೃಶ್ಯಕ್ಕೆ ನಾಲ್ಕೈದು ಸಾಲು ಮೀರದಿರಲಿ. ಪಕ್ಕದಲ್ಲಿ ಒಬ್ಬ ದುಭಾಷಿ ಪಾತ್ರ ಇಡಿ, ಅವನು ಕನ್ನಡದಲ್ಲಿ ಮಾತು ಮುಂದುವರಿಸಲಿ. ಕಂಪನಿ ಕಾಲದಲ್ಲಿ ದುಭಾಷಿಗಳು ಇದ್ದೇ ಇದ್ದರು, ಸೇರಿಸಿದ್ದು ಅನ್ನಿಸುವುದಿಲ್ಲ. ಬಯಲಾಟ ಆಡಿದವರಿಗೆ ಒಂದು ವಿನಂತಿ: ಆ ಎತ್ತರದ ದನಿಯನ್ನು ಪಾಳೆಯಗಾರನ ಪಾತ್ರಕ್ಕೆ ಇಟ್ಟುಕೊಳ್ಳಿ. ಸ್ಕಾಟ್ಸ್‌ನಲ್ಲಿ ಒತ್ತಿನ ಪದ ಎದ್ದು, ಉಳಿದವು ಕುಗ್ಗಬೇಕು. ಎಲ್ಲ ಅಕ್ಷರವನ್ನೂ ಒಂದೇ ಎತ್ತರದಲ್ಲಿ ಕೂಗಿದರೆ ಲಯ ಸತ್ತುಹೋಗುತ್ತದೆ.

ಕೋಟೆ ಬುಡದ ಬಯಲಿನಲ್ಲಿ ಗಾಳಿ ಜಾಸ್ತಿ. ಕೋಟಿಗೆ ಸಿಕ್ಕಿಸುವ ಮೈಕನ್ನು ಬಾಯಿಗೆ ನೇರವಾಗಿ ಇಡಬೇಡಿ, ಎಡಕ್ಕೋ ಬಲಕ್ಕೋ ಸರಿಸಿ, ಮೇಲೆ ಸ್ಪಂಜಿನ ಟೋಪಿ ಹಾಕಿ. ಇಲ್ಲದಿದ್ದರೆ ‘ಹ್ವಿಟ್’ನ ಊದುವಿಕೆ ಸ್ಪೀಕರಿನಲ್ಲಿ ಡಬ್ ಅಂತ ಬಡಿಯುತ್ತದೆ, ‘ನಿಖ಼್ಟ್’ ಕೆಮ್ಮಿದ ಹಾಗೆ ಕೇಳುತ್ತದೆ. ಹಿಂದಿನ ದಿನ ಸಂಜೆ ಸೌಂಡ್ ಸಿಸ್ಟಮ್ಮಿನವರನ್ನು ಕರೆದು ಈ ಎರಡು ಪದಗಳನ್ನೇ ಹೇಳಿ ಪರೀಕ್ಷೆ ಮಾಡಿಸಿ. ಹಿಂದಿನ ಸಾಲಿನ ಕುರ್ಚಿಯಲ್ಲಿ ಯಾರನ್ನಾದರೂ ಕೂರಿಸಿ ಕೇಳಿಸಿ.